ರೇಡಿಯೇಟರಿಗೆ ಸುರಿದ ಬಾವಿನೀರು

ದೆವ್ವ, ಭೂತ, ಪವಾಡ ಅಂತ ಯಾರಾದರೂ ಕತೆ ಶುರುಮಾಡಿದರೆ ಬೀಡಿ ಹಚ್ಚುವ ನೆವದಲ್ಲಿ ಎದ್ದು ಹೊರಗೆ ಹೋಗುತ್ತಿದ್ದವನು ನಾನು. ಲಾರಿ ಓಡಿಸುವವನು ಅದನ್ನೆಲ್ಲ ನಂಬಿದರೆ ಹೊಟ್ಟೆಪಾಡು ನಡೆಯುವುದಿಲ್ಲ. ಗಾಡಿ ನಿಂತಿತು ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಸಿಗಲಿಲ್ಲ ಅಂದರೆ ನಮಗೆ ಹುಡುಕಲು ಬರುವುದಿಲ್ಲ ಅಂತ ಅರ್ಥ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಆ ಒಂದು ಮಧ್ಯಾಹ್ನದ್ದು ಮಾತ್ರ ನನಗೆ ಬಗೆಹರಿದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು, ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಸಾಗರ, ಹೊಸನಗರದ ಕಡೆಯ ಎಷ್ಟೋ ಊರುಗಳು ಮುಳುಗುತ್ತವೆ ಅಂತ ಜನ ಮನೆ ಬಿಚ್ಚಿಕೊಂಡು ಹೋಗುತ್ತಿದ್ದರು. ನಿಜವಾಗಿಯೂ ಬಿಚ್ಚಿಕೊಂಡೇ: ಹೆಂಚು, ತೊಲೆ, ಬಾಗಿಲವಾಡ, ಒರಳುಕಲ್ಲು ಎಲ್ಲ. ಆ ಬೇಸಗೆಯಿಡೀ ನಾನು ಅದನ್ನೇ ಸಾಗಿಸಿದೆ. ದಿನಾ ಯಾರಾದರೊಬ್ಬರು ಪಕ್ಕದಲ್ಲಿ ಕೂತು ಅಳುವುದು, ನಾನು ಗೇರು ಬದಲಿಸುವುದು. ಮೊದಮೊದಲು ಸಮಾಧಾನ ಹೇಳುತ್ತಿದ್ದೆ. ಆಮೇಲೆ ಅದೂ ಸಾಕಾಯಿತು.

ಆವತ್ತು ಹೊಳೆಬಾಗಿಲಿನ ಕಡೆಯ ಒಂದು ಹಳ್ಳಿಯಿಂದ ಮಂಜಪ್ಪ ಎಂಬ ಗೇಣಿ ರೈತನ ಸಾಮಾನು ಹೇರಿಕೊಂಡು ತೀರ್ಥಹಳ್ಳಿ ಕಡೆ ಹೊರಟಿದ್ದೆ. ಗಂಡ ಹೆಂಡತಿ ಹಿಂದೆ ಸಾಮಾನಿನ ಮೇಲೆ, ಮಂಜಪ್ಪನ ತಾಯಿ ನನ್ನ ಪಕ್ಕ. ಅಜ್ಜಿಯ ತೊಡೆಯ ಮೇಲೆ, ಬಾಯಿಗೆ ಬಟ್ಟೆ ಬಿಗಿದ ಒಂದು ತಾಮ್ರದ ಕೊಡ. ಬಿಟ್ಟುಬಂದ ಮನೆಯ ಬಾವಿಯ ನೀರು. ಹಳೇ ಬಾವಿಯ ನೀರು ಹೊಯ್ಯದೆ ಹೊಸ ಬಾವಿಯ ನೀರನ್ನು ಅವರ ಮನೆಯಲ್ಲಿ ಯಾರೂ ಬಾಯಿಗೆ ಹಾಕುವುದಿಲ್ಲವಂತೆ. ಅದು ಅವರ ಹಿರಿಯರಿಂದ ಬಂದ ಕ್ರಮ.

ಈಗಿನ ಹುಡುಗರು ಬಾಟಲಿಯಲ್ಲಿ ಬರುವ ಹಸಿರು ಕೂಲೆಂಟ್ ಹಾಕುತ್ತಾರೆ. ಅದು ಬೇಗ ಕುದಿಯುವುದಿಲ್ಲ, ಒಳಗೆ ತುಕ್ಕು ಹಿಡಿಸುವುದಿಲ್ಲ. ನಮಗೆ ಆಗ ಬರೀ ನೀರೇ ಗತಿ. ಅದು ಎಂಜಿನ್ನಿನ ಸುತ್ತ ತಿರುಗಿ, ಕಾವು ಹೊತ್ತುಕೊಂಡು ರೇಡಿಯೇಟರಿಗೆ ಬಂದು, ಗಾಳಿಗೆ ಆರಿ ಮತ್ತೆ ಒಳಗೆ ಹೋಗಬೇಕು. ನೀರು ಕಮ್ಮಿಯಾಯಿತೋ, ಎಂಜಿನ್ ಕೆಟ್ಟಿತು. ತುಕ್ಕಂತೂ ತಪ್ಪಿದ್ದಲ್ಲ. ನನ್ನ ರೇಡಿಯೇಟರಿನಿಂದ ಚಾ ಬಣ್ಣದ್ದು ಬಿಟ್ಟರೆ ಬೇರೆ ನೀರು ಬಂದದ್ದೇ ಇಲ್ಲ.

ಹಾಗಾಗಿ ಗಾಡಿಯಲ್ಲಿ ಸದಾ ಎರಡು ಡಬ್ಬ ನೀರು ಇರುತ್ತಿತ್ತು. ಆವತ್ತು ಬಾಗಿಲವಾಡಕ್ಕೆ ಜಾಗ ಮಾಡಲು ಡಬ್ಬಗಳನ್ನು ಕೆಳಗಿಳಿಸಿದವನು ಅಲ್ಲೇ ಅಂಗಳದಲ್ಲಿ ಮರೆತುಬಂದೆ. ಮುಳುಗುವ ಊರಿಗೆ ನೀರು ಬಿಟ್ಟುಬಂದ ಜಾಣ ನಾನೊಬ್ಬನೇ ಇರಬೇಕು.

ಹೊಸನಗರ ದಾಟಿದ ಮೇಲೆ ಒಂದು ಏರಿನಲ್ಲಿ ಹಬೆ ಎದ್ದಿತು. ಪಕ್ಕದ ಹಳ್ಳ ಒಣಗಿ ಕಲ್ಲು ಬಿಟ್ಟುಕೊಂಡಿತ್ತು. ಮಂಜಪ್ಪ ನೀರು ಹುಡುಕಿಕೊಂಡು ಎರಡು ಮೈಲಿ ಹೋಗಿ ಬರಿಗೈಯಲ್ಲಿ ಬಂದ. ಅಷ್ಟರಲ್ಲಿ ಎಂಜಿನ್ ಆರಿತ್ತು. ಗೋಣಿ ಮಡಚಿ ಹಿಡಿದು ಮುಚ್ಚಳ ತಿರುವಿ ನೋಡಿದರೆ ಅರ್ಧದಷ್ಟು ನೀರು ಹೋಗಿಬಿಟ್ಟಿತ್ತು. ನನ್ನ ಕಣ್ಣು ಕೊಡದ ಮೇಲೆ ಬಿತ್ತು, ಕೇಳಲು ಬಾಯಿ ಬರಲಿಲ್ಲ. ಮಂಜಪ್ಪನೇ, "ಕೊಟ್ಬಿಡೇ ಅವ್ವ, ಇಲ್ಲಾಂದ್ರೆ ಇಲ್ಲೇ ಬಿದ್ದಿರ್ಬೇಕು," ಅಂದ.

ಅಜ್ಜಿ ಕೊಡವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ತಾನೇ ಅದರ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, "ತಗಾ ತಮಾ. ಆದ್ರೆ ಅಲ್ಲಿಗೆ ಮುಟ್ಟಿದ್ಮೇಲೆ ನಂಗೆ ವಾಪಸ್ ಕೊಡ್ಬೇಕು," ಅಂದಳು.

"ಆಯ್ತಮಾ, ಕೊಡ್ತೀನಿ," ಅಂದೆ. ಚಿಕ್ಕ ಮಕ್ಕಳಿಗೆ ಹೇಳುತ್ತೇವಲ್ಲ, ಹಾಗೆ. ನನಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು.

ಊರು ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. ಹೊಸದಾಗಿ ತೋಡಿದ ಬಾವಿ, ಪಕ್ಕದಲ್ಲಿ ಒಂದು ಸೋಗೆ ಚಪ್ಪರ, ಅಷ್ಟೇ ಮನೆ. ಸಾಮಾನು ಇಳಿಸಿ ಮುಗಿದರೂ ಅಜ್ಜಿ ಖಾಲಿ ಕೊಡ ಹಿಡಿದು ಗಾಡಿಯ ಮುಂದೆ ನಿಂತೇ ಇದ್ದಳು. ನನಗೆ ಮರೆತೇ ಹೋಗಿತ್ತು.

"ಅದು ಬೆರ್ತು ಹೋಯ್ತಮಾ. ತುಕ್ಕು ನೀರು, ಕುದೀತಾ ಇರ್ತದೆ. ಬಾವಿಗೆ ಹೊಯ್ದ್ರೆ ಬಾವಿನೇ ಕೆಡ್ತದೆ," ಅಂದೆ.

"ನಂದು ನಂಗೆ ಕೊಡು," ಅಂದಳು. ಖಾಲಿ ಕೊಡವನ್ನು ನನ್ನ ಮುಂದೆ ಚಾಚಿದಳು.

ಸುಸ್ತಿಗೆ ಸಿಟ್ಟೂ ಸೇರಿತು. ಕಣ್ಣಾರೆ ಕಂಡಾದರೂ ಸುಮ್ಮನಾಗಲಿ ಅಂತ ರೇಡಿಯೇಟರಿನ ತಳದ ನಲ್ಲಿ ತಿರುಗಿಸಿದೆ. ತಿಳಿನೀರು ಬಂತು. ಕೈ ಒಡ್ಡಿದೆ, ತಣ್ಣಗಿತ್ತು. ಬೆಳಗಿನ ಹೊತ್ತು ಆಗಷ್ಟೇ ಬಾವಿಯಿಂದ ಸೇದಿದ ಹಾಗೆ. ಕೊಡ ಕತ್ತಿನವರೆಗೆ ತುಂಬಿತು. ಅಜ್ಜಿ ಕೊಡ ಎತ್ತಿಕೊಂಡ ಮೇಲೆ ಬಂದದ್ದು ಚಾ ಬಣ್ಣದ ನೀರು, ಅದು ನನ್ನ ಬೆರಳು ಸುಟ್ಟಿತು. ಬೊಬ್ಬೆ ಮಾಯಲು ವಾರ ಹಿಡಿಯಿತು.

ಎಷ್ಟೋ ಮೆಕ್ಯಾನಿಕ್ಕುಗಳನ್ನು ಕೇಳಿದ್ದೇನೆ. ತಳದ ನೀರು ಆರಿರುತ್ತದೆ ಅಂದ ಒಬ್ಬ. ಆರಿರುತ್ತದೆ, ಒಪ್ಪಿದೆ. ಹಾಗಾದರೆ ತುಕ್ಕು ಎಲ್ಲಿ ಹೋಯಿತು? ಅವನು ನನ್ನ ಮುಖ ನೋಡಿ ನಕ್ಕ. ಅದೇ ಗಾಡಿಗೆ ನಾನೇ ಎರಡು ಮೂರು ಸಲ ಬಾವಿನೀರು ಹೊಯ್ದು, ಓಡಿಸಿ, ನಲ್ಲಿ ಬಿಟ್ಟು ನೋಡಿದೆ. ಪ್ರತಿಸಲವೂ ಕೆಂಪಗೆ, ಸುಡುಸುಡು ಬಂತು.

ಆವತ್ತು ಬಾವಿಗೆ ಹೊಯ್ಯುವ ಮೊದಲು ಅಜ್ಜಿ ಒಂದು ಬೊಗಸೆ ಕುಡಿದಳು. ಮಗನಿಗೂ ಸೊಸೆಗೂ ಕೊಟ್ಟಳು. ನಮ್ಮ ಬಾವಿಯದೇ ಅಂತ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ಅಜ್ಜಿ ನನ್ನ ಕಡೆಗೂ ಬೊಗಸೆ ಚಾಚಿ, "ಕುಡಿ ತಮಾ, ಬಾಯಾರಿರ್ತದೆ," ಅಂದಳು. ಬೆಳಗಿನಿಂದ ನನ್ನ ಗಂಟಲು ಒಣಗಿತ್ತು. ಆದರೂ ಬೇಡ ಅಂದು, ಪಕ್ಕದವರ ಬಾವಿಯಿಂದ ಗಾಡಿಗೆ ನೀರು ತುಂಬಿಸಿಕೊಂಡು ಹೊರಟುಬಿಟ್ಟೆ. ಹೆದರಿದ್ದೆ, ಹೇಳಿಕೊಳ್ಳಲು ಈಗೇನು ನಾಚಿಕೆ? ಅವಳ ಬೊಗಸೆಯಿಂದ ನೀರು ಸೋರಿ ಮುಗಿಯುವವರೆಗೂ ಅವಳು ಕೈ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.