ತೊಲೆ ಎತ್ತಿದವರ ಊಟ

ಕಳೆದ ಸೋಮವಾರ ನನ್ನ ಹೊಸ ಮನೆಗೆ ನಡುತೊಲೆ ಏರಿತು. ಊರಿನ ಒಬ್ಬರೂ ಕೈ ಹಚ್ಚಲಿಲ್ಲ!

ಜಗಳವೇ ಎಂದು ನೀವು ಕೇಳಬಹುದು. ಇಲ್ಲ. ಊರಿಗೆಲ್ಲ ನಾನೆಂದರೆ ಪ್ರೀತಿಯೇ. ಏಕೀಕರಣದ ನಂತರ ಶಿಗ್ಗಾಂವಿ ಸೀಮೆಗೆ ಬಂದ ಹೊಸ ವಸ್ತುಗಳಲ್ಲಿ ಟ್ರ್ಯಾಕ್ಟರೂ ಒಂದು. ಅದರ ಡ್ರೈವರ್ ನಾನು. (ಗಾಡಿ ಸವಣೂರಿನ ಸಾವಕಾರರದು. ನನ್ನದು ಸೀಟು ಮಾತ್ರ.) ಇವತ್ತು ದುಂಡಸಿ, ನಾಳೆ ಅಕ್ಕಿಆಲೂರು, ನಾಡಿದ್ದು ಹಿರೇಕೆರೂರಿನ ಆಚೆ. ದಿನವಿಡೀ ಇಂಜಿನ್ ಸದ್ದು. ಬದುವಿನ ಮೇಲೆ ನಿಂತವರು ಬಾಯಿ ಆಡಿಸುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ನಾನೂ ಸುಮ್ಮನೆ ತಲೆ ಆಡಿಸುತ್ತೇನೆ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ. ಎತ್ತಿಗೆ ರಜೆಯೆಂದರೆ ಗಂಡಸರಿಗೂ ಬಿಡುವು. ಅಂದೇ ಒಬ್ಬರ ಮನೆ ಕೆಲಸಕ್ಕೆ ಇನ್ನೊಬ್ಬರು ಹೋಗುವುದು. ಇಂದು ನಿನ್ನ ಮನೆಗೆ ನಾನು, ಮುಂದೆ ನನ್ನ ಮನೆಗೆ ನೀನು. ಇದೇ ಮುಯ್ಯಿ. ಕೂಲಿ ಇಲ್ಲ. ಕೆಲಸ ಮುಗಿದ ಮೇಲೆ ಕೈ ಹಚ್ಚಿದವರಿಗೆಲ್ಲ ಹೋಳಿಗೆ ಊಟ.

ಆದರೆ ಟ್ರ್ಯಾಕ್ಟರಿಗೆಲ್ಲಿಯ ಸೋಮವಾರ? ಎತ್ತು ಮಾರಿ ಸ್ಟೇರಿಂಗ್ ಹಿಡಿದ ಮೇಲೆ ನಾನು ಯಾರ ಮುಯ್ಯಿಗೂ ಹೋಗಿಲ್ಲ. ಯಾರೂ ಕರೆದೂ ಇಲ್ಲ.

ತೊಲೆ ಎತ್ತಲು ನಿಂಗಪ್ಪನನ್ನು ಕರೆಯಲು ಹೋದೆ. ಒಂದು ಕಾಲದಲ್ಲಿ ಅವನ ಎತ್ತು, ನನ್ನ ಎತ್ತು ಒಂದೇ ಹೊಲದಲ್ಲಿ ಹಿಂದೆ ಮುಂದೆ ನಡೆದಿದ್ದವು.

"ನಿನಗ ನಾವ್ಯಾಕ ಬೇಕೋ ತಮ್ಮಾ? ಟ್ರ್ಯಾಕ್ಟರಿಗೆ ಹಗ್ಗಾ ಕಟ್ಟು. ಹತ್ತ್ ಮಂದಿ ಕೆಲಸಾ ಅದೊಂದ ಮಾಡ್ತೈತಿ" ಎಂದು ನಕ್ಕ.

ಕೊಂಕು ಮಾತಲ್ಲ. ಹೆಮ್ಮೆಯಿಂದಲೇ ಹೇಳಿದ. (ಬೈದಿದ್ದರೆ ತಿರುಗಿ ಬೈಯಬಹುದಿತ್ತು.) ನನಗೆ ಬೇಕಾಗಿದ್ದದ್ದು ಆ ಹತ್ತು ಮಂದಿಯೇ. ಒಂದು ದಿನವಾದರೂ ಅವರ ಪಂಕ್ತಿಯಲ್ಲಿ ಕೂತು, ನಾಲ್ಕು ಮಾತು ಆಡುತ್ತ ಉಣ್ಣಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಸಾವಕಾರರನ್ನು ಕೇಳಿ ಟ್ರ್ಯಾಕ್ಟರ್ ತಂದೆ. ಗೋಡೆ ಕಟ್ಟಲು ಬೇರೆ ಊರಿನಿಂದ ಬಂದಿದ್ದ ಗೌಂಡಿ ಮೇಲೆ ಹತ್ತಿ ರಾಟೆಗೆ ಹಗ್ಗ ಹಾಯಿಸಿದ. ನಾನು ಗೇರ್ ಹಾಕಿದೆ. ತೊಲೆ ಸಲೀಸಾಗಿ ಮೇಲೇರಿ ಕೂತಿತು. ಎದುರಿನ ಕಟ್ಟೆಯ ಮೇಲೆ ನೋಡುತ್ತಿದ್ದವರೆಲ್ಲ "ಭಲೇ!" ಎಂದರು. ಇಂಜಿನ್ ಬಂದ್ ಮಾಡಿ ಅವರನ್ನೆಲ್ಲ ಊಟಕ್ಕೆ ಕರೆದೆ.

"ಏ, ಕೈ ಹಚ್ಚಲಾರದ ಹೆಂಗ ಉಣ್ಣೂದು? ನಾಚಿಕಿ ಬರ್ತೈತಿ" ಎಂದು ನಿಂಗಪ್ಪ ಧೋತರ ಕೊಡವಿಕೊಂಡು ಎದ್ದ. ಉಳಿದವರೂ ಎದ್ದರು. ಗೌಂಡಿಗೋ ಸೋಮವಾರದ ಉಪವಾಸ. ಮರ್ಯಾದಸ್ಥ ಜನ, ಏನೆನ್ನಲಿ?

ನಸುಕಿನಿಂದ ಒಲೆಯ ಮುಂದೆ ಕೂತಿದ್ದ ಹೆಂಡತಿ ಬಾಗಿಲಿಗೆ ಬಂದಳು.

"ಎಲಿ ಹಾಕೇನಿ. ತೊಲಿ ಎತ್ತಿದವರನ್ನ ಕರೀರಿ."

ಅಂಗಳದಲ್ಲಿ ಟ್ರ್ಯಾಕ್ಟರ್ ಒಂದೇ ನಿಂತಿತ್ತು. ಯಾರನ್ನು ಕರೆಯಲಿ, ನೀವೇ ಹೇಳಿ?