ಲಾರಿ ಪಟ್ಟೆಯ ಬ್ರಾಕೆಟ್ಟು

ನಮ್ಮ ಭಾವ ಶಿವಲಿಂಗಂಗೆ ಅನುಮಾನವೇ ಕಸುಬು, ವೆಲ್ಡಿಂಗ್ ಬಿಡುವಿನ ಕೆಲಸ. ಕಡಯಂಪಟ್ಟಿಯ ಬಸ್ಸು ರಸ್ತೆಯಲ್ಲಿ ಅವನ ಶೆಡ್ಡು, ಅದಕ್ಕೆ ಒತ್ತಿಕೊಂಡೇ ನನ್ನ ಪೇಂಟಿಂಗ್ ಶೆಡ್ಡು. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ವೆಲ್ಡಿಂಗ್ ಕಡ್ಡಿಯ ಪೊಟ್ಟಣ ತಂದರೆ ಒಡೆದು ಎಣಿಸುತ್ತಾನೆ. ಟೀ ತಂದರೆ ಮೂಸಿ ಕುಡಿಯುತ್ತಾನೆ. ನಮ್ಮಕ್ಕ ಚಿನ್ನತಾಯಿಯನ್ನು ಕಟ್ಟಿಕೊಂಡ ವಾರದಲ್ಲೇ, ನಮ್ಮಪ್ಪ ಹಾಕಿದ ಓಲೆಯನ್ನು ಧರ್ಮಪುರಿಗೆ ಒಯ್ದು ಒರೆಗಲ್ಲಿಗೆ ಉಜ್ಜಿಸಿ ನೋಡಿದ್ದ. ಚಿನ್ನ ಅಪ್ಪಟವಾಗಿತ್ತು. ಆಮೇಲೆ ಉಜ್ಜಿದವನ ಮೇಲೆ ಅನುಮಾನ ಬಂತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ.

ಅವನಿಗೆ ಒಬ್ಬಳೇ ಮಗಳು, ಸಂಧ್ಯಾ. ಡಿಪ್ಲೊಮಾ ಮುಗಿಸಿ ಸೇಲಂನಲ್ಲಿ ಕಾರು ರಿಪೇರಿ ಮಾಡುತ್ತಾಳೆ. ಡ್ರ್ಯಾಗ್ ರೇಸಿನ ಹುಚ್ಚು. ನೇರ ದಾರಿಯಲ್ಲಿ ನಾನೂರು ಮೀಟರು, ಎರಡು ಗಾಡಿ ಒಟ್ಟಿಗೆ ಹೊರಡುತ್ತವೆ, ಮೊದಲು ಮುಟ್ಟಿದವರು ಗೆದ್ದಂತೆ. ಹಳೇ ಕಾರೊಂದನ್ನು ಕೊಂಡು ಎಂಜಿನ್ನನ್ನು ತಾನೇ ಕಟ್ಟಿದ್ದಳು. ಬೆಂಗಳೂರು ದಾರಿಯ ಒಂದು ರನ್‌ವೇಯಲ್ಲಿ ಭಾನುವಾರ ಅವಳ ಮೊದಲ ಓಟ.

ಅಂಥ ಗಾಡಿ ಹೊರಡುವಾಗ ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳ ಆಕ್ಸಲ್ಲಿಗೆ ಬೀಳುತ್ತದೆ. ಆಕ್ಸಲ್ಲು ತಿರುಚಿಕೊಳ್ಳದಂತೆ ಎಡಬಲದಲ್ಲಿ ರಾಡುಗಳು ಹಿಡಿದಿರುತ್ತವೆ. ರಾಡಿನ ತುದಿ ಕೂರುವ ಕಬ್ಬಿಣದ ಕಿವಿಯೇ ಬ್ರಾಕೆಟ್ಟು. ಓಟದ ನಡುವೆ ಒಂದು ಬದಿಯದು ಕಿತ್ತರೆ ಗಾಡಿ ಅಡ್ಡ ತಿರುಗಿ ಮಗುಚುತ್ತದೆ, ಒಳಗಿದ್ದವರ ಗತಿ ಹೇಳಬೇಕಾಗಿಲ್ಲ. ಕಾರಿನ ಜೊತೆ ಬಂದದ್ದು ತೆಳು ಅಂತ ಸಂಧ್ಯಾ ಮೂರು ಕಡೆ ವಿಚಾರಿಸಿ, ದಪ್ಪ ಅಳೆದು, ರೇಸಿಗೆಂದೇ ಮಾಡಿದ ಒಂದು ಜೊತೆಯನ್ನು ಕೊಯಮತ್ತೂರಿನಿಂದ ತರಿಸಿದಳು.

"ಅಪ್ಪಾ, ನೀನೇ ವೆಲ್ಡ್ ಆಕು. ಬೇರೆಯವರ ಕೈ ಬ್ಯಾಡ," ಅಂತ ಹೇಳಿ ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋದಳು.

ಅವಳು ಬಸ್ಸು ಹತ್ತಿದ್ದೇ ತಡ, ಭಾವ ಒಂದನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಾರಿಸಿದ. ಠಣ್ ಅನ್ನಲಿಲ್ಲ, ಕಿವಿ ಬಗ್ಗಿತು.

"ನೋಡ್ಲಾ, ಬೆಣ್ಣೆ ಐತೆ ಇದು. ಚೆಂದಾಗಿ ಏಮಾರಿಸವ್ರೆ ಮಗೀನ."

"ರೇಸಿಂದೇ ಅಂತ ಅವಳು ನೋಡಿ ತಂದವ್ಳೆ ಭಾವ," ಅಂದೆ.

"ನಿಂಗೇನ್ಲಾ ಗೊತ್ತು? ನೀನು ಬಣ್ಣ ಬಳಿಯೋನು."

ಮೂಲೆಯಲ್ಲಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟೆ ಬಿದ್ದಿತ್ತು. ನಮ್ಮ ಕಡೆ ಕುಡುಗೋಲು, ಮಚ್ಚು ಎಲ್ಲ ಅದರದ್ದೇ. ಪಟ್ಟೆ ಅಂದರೆ ಗಟ್ಟಿ ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ, ಭಾವನಿಗೂ ಇರಲಿಲ್ಲ. ಗ್ಯಾಸಿನಲ್ಲಿ ಕತ್ತರಿಸಿ, ಕಾಯಿಸಿ ಬಗ್ಗಿಸಿ, ಎರಡು ಕಿವಿ ಮಾಡಿ ಆಕ್ಸಲ್ಲಿಗೆ ವೆಲ್ಡ್ ಮಾಡಿದ. ಇನ್ನೂ ಗಟ್ಟಿಯಾಗಲಿ ಅಂತ ಕೆಂಪಗಿರುವಾಗಲೇ ಮೇಲೆ ಬಕೆಟ್ ನೀರು ಸುರಿದ. ಮಗಳಿಗೆ ತಿಳಿಯಬಾರದು ಅಂತ ನನ್ನ ಕೈಲಿ ಕರೀ ಬಣ್ಣ ಹೊಡೆಸಿದ. ನಾನೂ ಹೊಡೆದೆ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ. ಆ ಸಂಜೆ ಸಂಧ್ಯಾ ಗಾಡಿ ನೋಡಲು ಬಂದಾಗ ಅವಳ ಮುಖ ನೋಡಲಾರದೆ ಬ್ರಷ್ಷು ತೊಳೆಯುತ್ತ ಕೂತೆ.

ಶನಿವಾರ ಬೆಳಿಗ್ಗೆ ಅಕ್ಕ ಮುದ್ದೆ ತಂದಳು. ಭಾವ ಕೈ ಕುದುರಲಿ ಅಂತ ಮೊದಲು ವೆಲ್ಡ್ ಮಾಡಿ, ನೀರು ಹಾಕಿ ನೋಡಿದ್ದ ಪಟ್ಟೆಯ ಎರಡು ತುಂಡು ನೆಲದಲ್ಲಿ ಬಿದ್ದಿದ್ದವು. ಇದೇನು ಅಂತ ಕೇಳಿದಳು. ಭಾವ ಎದೆಯುಬ್ಬಿಸಿ ಎಲ್ಲ ಹೇಳಿದ. ಅಕ್ಕ ಕಂಬೈನಲ್ಲೂರಿನ ಕುಲುಮೆಯಲ್ಲಿ ನಮ್ಮಪ್ಪನ ಎದುರು ಹತ್ತು ವರ್ಷ ಸುತ್ತಿಗೆ ಹೊಡೆದವಳು. ನಾನು ಹೊಗೆಗೆ ಹೆದರಿ ಓಡಿಹೋದವನು.

ಅವಳು ಒಂದು ತುಂಡನ್ನು ಅಡೆಗಲ್ಲಿನ ಮೇಲಿಟ್ಟು ಒಂದೇ ಏಟು ಹೊಡೆದಳು. ವೆಲ್ಡಿನ ಪಕ್ಕದಲ್ಲೇ ಹಪ್ಪಳದಂತೆ ಮುರಿಯಿತು.

"ಓರೆಯಾಗಿ ಒಡದೆ ನೀನು," ಅಂದ ಭಾವ. ಆಮೇಲೆ ನನ್ನ ಕಡೆ ತಿರುಗಿ, "ತುಂಡು ಏನಾರ ಬದಲಾಯಿಸಿದ್ಯೇನ್ಲಾ?" ಅಂದ. ನನಗೆ ಮೈಯೆಲ್ಲ ಉರಿಯಿತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಹುಡುಕುವ ಜಾತಿ.

ಅಕ್ಕ ಇನ್ನೊಂದನ್ನು ಇಟ್ಟು ಹೊಡೆದಳು. ಅದೂ ಮುರಿಯಿತು.

"ಅಪ್ಪ ಕಾಯಿಸಿದ ಕುಡುಗೋಲಿನ ಬಾಯಿಗೆ ಮಾತ್ರ ನೀರು ತೋರಿಸ್ತಿದ್ದ, ಹಿಡಿಯೊಳಗೆ ಹೋಗೋ ಬಾಲಕ್ಕಲ್ಲ," ಅಂದಳು. "ಬಾಲಕ್ಕೂ ತೋರಿಸಿದ್ರೆ ಮೊದಲ ಏಟಿಗೇ ಹಿಡಿ ಹತ್ರ ಮುರೀತದೆ. ಮಗೀನ ಕೂರಿಸೋ ಜಾಗ ಬಗ್ಗಬೇಕು ಕಣ್ರೀ, ಮುರೀಬಾರ್ದು. ಅವಳು ತಂದದ್ದು ಬಗ್ಗಿತಲ್ಲ, ಅದೇ ಸರಿ ಇತ್ತು."

ಭಾವ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಮುದ್ದೆ ಆರಿಹೋಯಿತು. ಮಗಳು ತಂದದ್ದರಲ್ಲಿ ಒಂದು ಬಗ್ಗಿಹೋಗಿತ್ತು, ಬೇರೆ ಜೊತೆ ತರಿಸಲು ಎರಡು ದಿನ ಬೇಕು, ಓಟ ನಾಳೆಗೆ. ಹೇಳಿದರೆ ಮಗಳ ಓಟ ಹೋಯಿತು, ತನ್ನ ಮಾನವೂ ಹೋಯಿತು. ಹೇಳದಿದ್ದರೆ ಮಗಳೇ ಹೋಗಬಹುದು.

ಹನ್ನೊಂದಕ್ಕೆ ಸಂಧ್ಯಾ ಗಾಡಿ ಒಯ್ಯಲು ಬಂದಳು. ಭಾವ ಎದ್ದು ಗಾಡಿಗೆ ಅಡ್ಡ ನಿಂತ.

"ನೀನು ತಂದದ್ದು ಆಕ್ಲಿಲ್ಲವ್ವ. ಪಟ್ಟೇಲಿ ನಾನೇ ಮಾಡಿ ಆಕ್ದೆ. ಅದು ಮುರೀತದೆ. ಓಗ್ಬ್ಯಾಡ."

ಸಂಧ್ಯಾ ಕೀಲಿಯನ್ನು ಬೆಂಚಿನ ಮೇಲಿಟ್ಟಳು.

"ನೆನ್ನೆ ಸಂಜೇನೇ ಕಂಡೆ ಅಪ್ಪಾ. ಬೋಲ್ಟ್ ಬಿಗಿ ನೋಡೋಕೆ ಗಾಡಿ ಕೆಳಗೆ ನುಗ್ಗಿದ್ದೆ. ನೀನಾಗೇ ಹೇಳ್ತೀಯಾ ಇಲ್ವಾ ಅಂತ ಕಾಯ್ತಿದ್ದೆ."

"ಹೇಳ್ದೆ ಇದ್ದಿದ್ರೆ?"

"ಗಾಡಿ ಎತ್ತುತ್ತಿರಲಿಲ್ಲ. ಇನ್ಮೇಲೆ ನಿನ್ನ ಕೈಗೆ ಯಾವ ಕೆಲಸಾನೂ ಕೊಡ್ತಿರಲಿಲ್ಲ."

ಊರನ್ನೆಲ್ಲ ಅನುಮಾನಿಸಿದವನಿಗೆ ತಾನೇ ಅನುಮಾನಕ್ಕೆ ಗುರಿಯಾಗುವುದು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ಅದೂ ಮಗಳಿಂದ, ಒಂದು ರಾತ್ರಿಯಿಡೀ. ಅವನಿಗೆ ತುಂಬಾ ನೋವಾಯಿತು. ನನಗೂ ಆಯಿತು, ಬಣ್ಣ ಹೊಡೆದವನು ನಾನೇ ತಾನೆ.

ಭಾನುವಾರ ಸಂಧ್ಯಾ ಓಡಲಿಲ್ಲ. ಮಂಗಳವಾರ ಹೊಸ ಜೊತೆ ಬಂತು. ಭಾವ ಅದನ್ನು ಬಡಿದು ನೋಡಲಿಲ್ಲ, ಮೂಸಲಿಲ್ಲ. ಹಳೆಯದನ್ನು ಕತ್ತರಿಸಿ ತೆಗೆದು ನಿಧಾನವಾಗಿ ವೆಲ್ಡ್ ಮಾಡಿ, ತಾನಾಗಿ ಆರಲು ಬಿಟ್ಟ. ಸಂಜೆ ಸಂಧ್ಯಾ ಟಾರ್ಚು ಹಿಡಿದು ಗಾಡಿಯ ಕೆಳಗೆ ನುಗ್ಗಿದಳು. ಎಡಗಡೆಯದನ್ನು ಬಹಳ ಹೊತ್ತು ನೋಡಿ, "ಸರಿ ಐತೆ ಅಪ್ಪಾ," ಅಂದು ಹೊರಬರಲು ಹೊರಟಳು.

"ಆ ಕಡೇದೂ ನೋಡವ್ವ," ಅಂದ ಭಾವ. "ನನ್ನ ನಂಬಬ್ಯಾಡ."

ಅವಳು ಮತ್ತೆ ಒಳಗೆ ಸರಿದು ಆ ಕಡೆಯದನ್ನೂ ನೋಡಿದಳು.