ಕೆರೆಗೆ ಬಿದ್ದ ಗೊಬ್ಬರ

ಕೆರೆಯ ದಂಡೆಯಲ್ಲಿ ಪೆಡಲ್ ದೋಣಿ ಬಾಡಿಗೆಗೆ ಬಿಡುತ್ತಿದ್ದ ಆಕೆಯನ್ನು ಊರೆಲ್ಲ ದೋಣಿಯಕ್ಕ ಎಂದೇ ಕರೆಯುತ್ತಿತ್ತು. ಗಂಡ ಅದೇ ದಂಡೆಯ ಉದ್ಯಾನದ ಮಾಲಿ. ಅವನ ಹುಲ್ಲುಹಾಸು ನೀರಿನ ಅಂಚಿನವರೆಗೂ ಇಳಿದಿತ್ತು. ಅದರಲ್ಲಿ ಒಂದು ಎಸಳು ಹಳದಿಯಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕೆರೆ ಹಸಿರಾಯಿತು. ಮೊದಲು ಬಟಾಣಿ ರುಬ್ಬಿ ಕಲಸಿದಂಥ ಬಣ್ಣ, ಆಮೇಲೆ ಕೆನೆಗಟ್ಟಿದ ಪಾಚಿ. ಗಿರಾಕಿಗಳು ಮೂಗು ಮುಚ್ಚಿಕೊಂಡು ಹಿಂದಿರುಗಿದರು. ದೋಣಿಯಕ್ಕನಿಗೆ ಬೇಜಾರಿಗಿಂತ ಕುತೂಹಲವೇ ಹೆಚ್ಚು. ಜೊಂಡು ಬೆಳೆದ ಆಚೆ ದಡ ಬಿಟ್ಟು ಪಾಚಿ ಮೊದಲು ಈಚೆ ದಡಕ್ಕೇ ಏಕೆ ಬಂತು?

"ಬಿಸಿಲು ಕಣೇ," ಎಂದ ಗಂಡ.

"ಬಿಸಿಲು ಆ ದಡಕ್ಕೂ ಬೀಳುತ್ತಲ್ರೀ."

"ಹಾಗಂತ ನಾನೇನು ಕೆರೆಗೆ ಗೊಬ್ಬರ ಹಾಕ್ತೀನಾ?"

"ಗೊಬ್ಬರದ ಮಾತು ನಾನೆಲ್ಲಿ ಎತ್ತಿದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ದೋಣಿಯಕ್ಕ ಆಚೆ ದಡದ ನೀರನ್ನು ಎರಡು ಗಾಜಿನ ಬಾಟಲಿಗಳಲ್ಲಿ ತಂದು, ಒಂದಕ್ಕೆ ಮಾತ್ರ ಚಿಟಿಕೆ ಗೊಬ್ಬರ ಹಾಕಿ, ಎರಡನ್ನೂ ಕಿಟಕಿಯಲ್ಲಿಟ್ಟಳು. ಗಂಡ ನೋಡದವನಂತೆ ದಿನವೂ ನೋಡುತ್ತಿದ್ದ. ಕೆಲವೇ ದಿನಗಳಲ್ಲಿ ಗೊಬ್ಬರದ ಬಾಟಲಿ ಹಚ್ಚಹಸಿರಾಯಿತು. ಇನ್ನೊಂದಕ್ಕೆ ಅಷ್ಟು ಬಣ್ಣ ಏರಲೇ ಇಲ್ಲ.

"ಮಳೆ ಬಂದಾಗ ಇಳಿಜಾರಿನ ನೀರೆಲ್ಲ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು.

ಒಂದು ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ದಂಡೆಯ ತುಂಬ ಬೆಳ್ಳಗಿನ ಹೊಟ್ಟೆಗಳು. ಪಾಚಿ ಮೀನನ್ನು ಕೊಲ್ಲುವುದು ಹೇಗೆಂದು ಆಕೆ ಶಾಲೆಯಲ್ಲಿ ವಿಜ್ಞಾನ ಕಲಿಸುವ ತಂಗಿಯನ್ನು ಕೇಳಿದಳು.

"ಪಾಚಿ ಸತ್ತು ತಳಕ್ಕೆ ಬೀಳುತ್ತಕ್ಕ. ಅದನ್ನ ಕೊಳೆಸೋ ಸೂಕ್ಷ್ಮಜೀವಿಗಳು ನೀರಲ್ಲಿರೋ ಆಮ್ಲಜನಕನೆಲ್ಲ ಬಳಸಿಬಿಡ್ತವೆ. ಮೀನಿಗೆ ಉಸಿರಾಡೋಕೆ ಏನೂ ಉಳಿಯಲ್ಲ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಗಂಡ ಚಪ್ಪಲಿ ಮೆಟ್ಟಿ ಹೊರಟುಹೋದ. ಸತ್ತ ಮೀನುಗಳನ್ನು ಬುಟ್ಟಿಗೆ ತುಂಬಿದವನು ಅವನೇ. ಆಮೇಲೆ ಗೊಬ್ಬರ ಕಡಿಮೆ ಮಾಡಿದ, ಮಳೆಯ ಮುಂಚೆ ಹಾಕುವುದನ್ನು ಬಿಟ್ಟ, ನೀರಿನ ಅಂಚಿನಲ್ಲಿ ಹುಲ್ಲು ಕತ್ತರಿಸದೆ ಬಿಟ್ಟು, ಹರಿದುಬರುವ ಗೊಬ್ಬರವನ್ನು ತಡೆಯಲು ಜೊಂಡು ನೆಟ್ಟ. ಮಾಲಿಗೆ ಮೈಗಳ್ಳತನ ಬಂತು ಎಂದು ನಡೆಯಲು ಬಂದವರು ಆಡಿಕೊಂಡರು.

ಮರುವರ್ಷವೂ ಕೆರೆ ಹಸಿರಾಗಿಯೇ ಇತ್ತು. ತಳದ ಕೆಸರು ಹಳೆಯ ಗೊಬ್ಬರವನ್ನು ಬಚ್ಚಿಟ್ಟುಕೊಂಡಿದೆ, ಬೇಗ ಬಿಟ್ಟುಕೊಡುವುದಿಲ್ಲ ಎಂದಳು ತಂಗಿ. ಮೂರನೆಯ ಬೇಸಿಗೆಯ ಒಂದು ಬೆಳಿಗ್ಗೆ ಗಂಡ ಮೊಣಕಾಲುದ್ದ ನೀರಿನಲ್ಲಿ ತಲೆ ಬಗ್ಗಿಸಿ ನಿಂತಿದ್ದ.

"ಏನ್ರೀ ಹುಡುಕ್ತಿದ್ದೀರಿ?"

"ನನ್ನ ಕಾಲು. ಹೆಬ್ಬೆರಳು ಕಾಣ್ತಿದೆ. ಉಳಿದ ಬೆರಳು ಇನ್ನೂ ಮಬ್ಬು."

ಆಕೆ ಸೀರೆ ಎತ್ತಿ ಕಟ್ಟಿ, ತಾನೂ ನೋಡಲು ನೀರಿಗಿಳಿದಳು.